ಮಾರ್ಕೋನಹಳ್ಳಿ ನೀರೂ ನನ್ನ ನಾದಿನಿಯೂ

ನನ್ನ ನಾದಿನಿ ಜೊತೆ ಎಲ್ಲಿಗಾದರೂ ಹೊರಟರೆ, ನಗೋಕೊಂದು ಕಾರಣ ನಮಗಿಂತ ಮುಂಚೆ ಬಸ್ಸು ಹತ್ತಿ ಸೀಟು ಹಿಡಿದಿರುತ್ತೆ.

ಪಂಥ

ಅವಳನ್ನು ಗುಬ್ಬಿಗೆ ಕೊಟ್ಟಿದೆ. ನಮ್ಮದು ಕುಣಿಗಲ್ ಕಡೆ. ಇಲ್ಲಿ ಮಾರ್ಕೋನಹಳ್ಳಿಯಲ್ಲಿ ಶಿಂಷಾ ಹೊಳೆಗೆ ಮಹಾರಾಜರ ಕಾಲದ ಅಣೆಕಟ್ಟೆ ಇದೆ. ತುಂಬಿದರೆ ಯಾರೂ ಬಾಗಿಲು ಎತ್ತಬೇಕಿಲ್ಲ, ನೀರು ತಾನೇ ಎದ್ದು ಆಚೆ ಧುಮುಕುತ್ತೆ. ಮದುವೆಯಾದ ವರ್ಷ ನಾನು ಕಣ್ಣಾರೆ ನೋಡಿದ್ದೆ; ಇಲ್ಲೇ ಹುಟ್ಟಿದ ಅವಳು ಒಂದು ಸಲವೂ ನೋಡಿರಲಿಲ್ಲ. ಅದನ್ನು ಹೇಳಿದಾಗೆಲ್ಲ ಅವಳು, "ಬುಡು ಅತ್ತಿಗೆ, ನೀನು ಹೇಳೋದ್ರಲ್ಲಿ ಅರ್ಧ ಕಳೀಬೇಕು" ಅಂತ ನೆಂಟರ ಮುಂದೆ ಆಡಿಕೊಳ್ಳೋಳು.

ಒಂದು ವರ್ಷ ಹಿಂಗಾರು ಜೋರಾಯ್ತು. ಇವತ್ತೋ ನಾಳೆಯೋ ತುಂಬುತ್ತೆ ಅಂತ ಸುದ್ದಿ ಬಂತು. ಅಂಗಡಿ ಬೂತಿಂದ ಫೋನ್ ಮಾಡಿ ಅವಳನ್ನು ಕರೆಸಿದೆ.

"ನೀರು ತಾನಾಗೇ ಹೊರಡದಿದ್ರೆ, ಇನ್ನು ಜನ್ಮದಲ್ಲಿ ನಿನಗೆ ಕಥೆ ಹೇಳಲ್ಲ ಕಣೇ!"

"ಹಂಗಾದ್ರೆ ಬೇಗ ಹೋಗಾಣ ನಡಿ."

ನೀರುಕಾಗೆ

ಏರಿ ಮೇಲೆ ನಿಂತರೆ ನೀರು ಎಲ್ಲಿ ಮುಗೀತು, ಆಕಾಶ ಎಲ್ಲಿ ಶುರುವಾಯ್ತು ತಿಳೀಲಿಲ್ಲ. ಒಣಮರದ ತುಂಬ ನೀರುಕಾಗೆಗಳು ರೆಕ್ಕೆ ಬಿಚ್ಚಿ ಅಲುಗದೆ ನಿಂತಿದ್ದವು. ನಾದಿನಿ ಪಿಸುಗುಟ್ಟಿದಳು: "ತಪಸ್ಸು ಮಾಡ್ತವ್ಯಾ?"

"ಮುಳುಗಿ ಎದ್ದವಲ್ಲ, ಮೈ ಒಣಗಿಸ್ಕೊತಾವೆ."

"ನಮ್ಮೆಜಮಾನ್ರೂ ಸ್ನಾನ ಮಾಡಿ ಹಿಂಗೇ ನಿಂತ್ಕೊತಾರೆ, ಟವಲ್ ಯಾರಾದ್ರೂ ತಂದ್ಕೊಡ್ಲಿ ಅಂತ!"

ಚಿತ್ರಾನ್ನ

ಕೆಳಗೆ ಪಾರ್ಕಿನಲ್ಲಿ ಕಾದೆವು. ಕಾವಲಿನವನು "ಇನ್ನೂ ನಾಕು ಬೆರಳು ಏರ್ಬೇಕು" ಅಂದ. ನಾನು ಮಾಡಿ ತಂದಿದ್ದ ಚಿತ್ರಾನ್ನದ ಡಬ್ಬಿ ತೆಗೆದು ಪಕ್ಕದಲ್ಲಿಟ್ಟು, ಕಟ್ಟೆ ಕಡೆಗೇ ನೋಡ್ತಾ ಕೂತೆ. ಅವಳೋ ಮಕ್ಕಳ ಉಯ್ಯಾಲೆ ಬಿಟ್ಟು ಏಳಲಿಲ್ಲ. ಅಷ್ಟರಲ್ಲಿ ಒಂದು ಕೋತಿ ಬಂದು, ನನ್ನ ಡಬ್ಬಿಗೆ ಕೈ ಹಾಕಿ, ಒಂದು ಬಾಯಿ ತಿಂದು, ಉಗಿದು, ಡಬ್ಬಿ ಅಲ್ಲೇ ಬಿಟ್ಟು ಹೋಯ್ತು.

ನಾದಿನಿ ನಿಟ್ಟುಸಿರು ಬಿಟ್ಟಳು: "ನಮ್ಮಣ್ಣ ಮೂವತ್ತು ವರ್ಷ ತಿಂದವ್ನೆ. ಪುಣ್ಯಾತ್ಮ!"

ನೀರು

ಕೊನೆ ಬಸ್ಸಿನ ಹೊತ್ತಾಯ್ತು. "ಏಳತ್ತಿಗೆ, ಇನ್ಮೇಲೆ ನಿಂಗೆ ಮೌನವ್ರತ" ಅಂತ ಅವಳು ಚಪ್ಪಲಿ ಮೆಟ್ಟಿದಳು.

ಆಗ ನೆಲದೊಳಗೇ ಗುಡುಗಿದಂಗಾಯ್ತು. ಒಂದು ಹಾಲಿನ ಬೆಟ್ಟ ಬುಡಮೇಲಾದಂಗೆ ನೀರು ಆಚೆ ಬಿತ್ತು. ಹನಿ ಹಾರಿ ನಮ್ಮ ಮುಖ ತೊಯ್ದುಹೋಯ್ತು. ಗೆದ್ದೆ ಅನ್ನೋದನ್ನೇ ಮರೆತು ಕೈ ಮುಗಿದೆ.

ಗುಬ್ಬೀಲಿ ನಾದಿನಿ ಬೀದಿಗೆ ನಲ್ಲಿ ನೀರು ಬರೋದು ಮೂರು ದಿನಕ್ಕೊಂದು ಸಲ. ತಡೀಲಾರದೆ ಕಾವಲಿನವನ ಹತ್ರ ಓಡಿದಳು: "ಏನ್ ನೋಡ್ತಾ ನಿಂತಿದ್ಯಪ್ಪ? ಎಲ್ಲಾ ಪೋಲಾಗ್ತೈತೆ, ನಿಲ್ಸು!"

"ಇದನ್ನ ಬಿಟ್ಟೋರೂ ಇಲ್ಲ, ನಿಲ್ಸೋರೂ ಇಲ್ಲ ಕಣಮ್ಮ."

ತಿರುಗಿ ಬಂದವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಅತ್ತಿಗೆ, ನಾಳೆ ನೀನೂ ಗುಬ್ಬಿಗೆ ಬಾ. ನಾನೊಬ್ಳೇ ಹೇಳಿದ್ರೆ ಅಲ್ಲಿ ಯಾರೂ ನಂಬಲ್ಲ!"