ಮಾವನ ಹಾರ್ಮೋನಿಯಂಗೆ ಸಿಕ್ಕ ಕೇಳುಗರು

ನಮ್ಮ ಸೋದರಮಾವ ಬಾಯಿ ತೆರೆದರೆಂದರೆ ಎಲ್ಲೋ ಒಂದು ಸಂಬಂಧ ಮುರಿದುಬಿತ್ತು ಅಂತಲೇ ಅರ್ಥ! ನನ್ನನ್ನು ನೋಡಲು ಬಂದಿದ್ದ ವರನ ತಂದೆಗೆ, "ನಿಮ್ಮ ಮಗನಿಗಿಂತ ನೀವು ಬಂದ ಜಟಕಾ ಕುದುರೇನೇ ಲಕ್ಷಣವಾಗಿದೆ ಕಣ್ರೀ" ಅಂದುಬಿಟ್ಟರು. ಬಂದವರು ಉಪ್ಪಿಟ್ಟು ಬಿಟ್ಟು ಎದ್ದರು. ಉಪ್ಪಿಟ್ಟನ್ನು ಮಾವನೇ ಮುಗಿಸಿದರು.

ಅವರ ಇನ್ನೊಂದು ದುರಭ್ಯಾಸ ಹಾರ್ಮೋನಿಯಂ. ದೇಶಕ್ಕೆ ಸ್ವಾತಂತ್ರ್ಯ ಬಂದ ಏಳೆಂಟು ವರ್ಷಕ್ಕೆ ಮಾವ ಗುಮಾಸ್ತಿಕೆಯಿಂದ ನಿವೃತ್ತರಾದರು. ನಮ್ಮ ಬೀದಿಯ ಸ್ವಾತಂತ್ರ್ಯ ಅವತ್ತೇ ಹೋಯಿತು! ಕೊನೆಗೆ ಅಮ್ಮನೇ ಉಪಾಯ ಹೇಳಿದಳು: "ಕುಂಬಾರಕೊಪ್ಪಲಿನ ಹತ್ತಿರ ವಯಸ್ಸಾದವರ ಆಶ್ರಮ ಇದೆಯಲ್ಲ, ಅಲ್ಲಿ ಹೋಗಿ ನುಡಿಸೋ ಅಣ್ಣಯ್ಯ. ಪಾಪ, ಅವರಿಗೆ ಎದ್ದು ಓಡೋಕಾಗಲ್ಲ." ಮಾವ ಬಾಯಿ ಬಿಡದಂತೆ ಕಾಯಲು ನನ್ನನ್ನೂ ಕಳಿಸಿದಳು.

ಅಲ್ಲಿ ಮೂಲೆಯ ಮಂಚದಲ್ಲೊಬ್ಬ ಅಜ್ಜಿ. ಲಕ್ವ ಹೊಡೆದು ಮಾತು ನಿಂತಿತ್ತು. "ಯಾರ್ನೂ ಕಣ್ಣೆತ್ತಿ ನೋಡಲ್ಲ ಕಣಮ್ಮ, ಊಟಾನೂ ಮುಟ್ಟಲ್ಲ," ಎಂದಳು ಆಯಾ. ಮಾವ ಪೆಟ್ಟಿಗೆ ಬಿಚ್ಚಿ ಕೂತರು. ಎರಡನೇ ಸಾಲಿಗೆ ಬಂದರೋ ಇಲ್ಲವೋ, ಹಿತ್ತಾಳೆಯ ಲೋಟವೊಂದು ಹಾರಿಬಂದು ಅವರ ಮೊಣಕಾಲಿಗೆ ಬಡಿಯಿತು!

ಬೇರೆಯವರಾಗಿದ್ದರೆ ಮನೆಗೆ ಬರುತ್ತಿದ್ದರು. ಮಾವ ಅದೇ ಸಾಲನ್ನು ಮತ್ತೆ ನುಡಿಸಿದರು. ಈ ಸಲ ತಟ್ಟೆ!

"ನೋಡ್ದೇನೇ? ಗಾಂಧಾರ ತಪ್ಪಿದ ಕಡೆಗೇ ಸರಿಯಾಗಿ ಹೊಡೀತಾರೆ! ಇಡೀ ಮೈಸೂರಲ್ಲಿ ನನ್ನ ಸಂಗೀತ ಕೇಳಿಸ್ಕೊಂಡೋರು ಇವರೊಬ್ರೇ ಕಣೇ!"

ಯಾವ ಕಾಲದಲ್ಲಿ ಯಾರಿಂದ ಸಂಗೀತ ಕಲಿತಿದ್ದರೋ, ಹೇಳಲು ಅಜ್ಜಿಗೆ ಮಾತಿರಲಿಲ್ಲ. ಅವತ್ತಿನಿಂದ ದಿನಾ ಊಟದ ಹೊತ್ತಿಗೆ ಇಬ್ಬರಿಗೂ ಜಗಳ. ಅಜ್ಜಿ ಎಡಗೈಯಲ್ಲಿ ಮಂಚಕ್ಕೆ ತಾಳ ಬಡಿಯುವರು. ತಪ್ಪಿದರೆ ಮಾವನ ಮಣಿಕಟ್ಟಿಗೇ ಬಡಿಯುವರು. ಸಾಲು ಸರಿಬಂದರೆ ಮಾತ್ರ ಒಂದು ತುತ್ತಿಗೆ ಬಾಯಿ ತೆರೆಯುವರು. ಮಾವನ ಸಂಗೀತವನ್ನು ನಂಬಿ ಊಟಕ್ಕೆ ಕೂತವರು ಬದುಕುವುದುಂಟೇ? ಆಯಾ ಗಾಬರಿಯಾದಳು. ಮಾವ ಅವಳಿಗಿಂತ ಗಾಬರಿಯಾಗಿ, ಆ ವಯಸ್ಸಿನಲ್ಲಿ ಸರಳೆವರಸೆಯಿಂದ ಸಾಧನೆ ಶುರುಮಾಡಿದರು! ಮಳೆಗಾಲ ಮುಗಿಯುವಷ್ಟರಲ್ಲಿ ಅಜ್ಜಿಯ ಕೆನ್ನೆ ತುಂಬಿಕೊಂಡಿತ್ತು; ಮಾವನ ಗಾಂಧಾರ ಗಾಂಧಾರದ ಹಾಗೇ ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ಎಷ್ಟು ನುಡಿಸಿದರೂ ಅಜ್ಜಿ ಅಲುಗಲಿಲ್ಲ.

"ಜ್ವರ ಬಂದು ಕಿವಿ ಹೋಗ್ಬುಟ್ಟೈತೆ ಸ್ವಾಮಿ. ಇನ್ಯಾಕೆ, ಎದ್ಬುಡಿ," ಎಂದಳು ಆಯಾ.

ಮಾವ ಹಾರ್ಮೋನಿಯಂ ಎತ್ತಿ ಮಂಚದ ಮೇಲೆ, ಅಜ್ಜಿಯ ಮಗ್ಗುಲಿಗಿಟ್ಟರು. ಅವರ ಎಡಗೈಯನ್ನು ಪೆಟ್ಟಿಗೆಯ ಮರಕ್ಕೆ ಒತ್ತಿಟ್ಟು, ಮೆಲ್ಲಗೆ ತಿದಿ ಒತ್ತಿದರು. ಮರ ಗುಂಯ್‌ಗುಟ್ಟಿತು. ಅಜ್ಜಿ ಕಣ್ಣು ತೆರೆದರು. ಮಾವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅದನ್ನೇ ನೋಡುತ್ತ ಅಜ್ಜಿ, ಅಳುವ ಮಗುವನ್ನು ಮಲಗಿಸುವವರ ಹಾಗೆ, ಪೆಟ್ಟಿಗೆಯನ್ನು ಮೆಲ್ಲಮೆಲ್ಲಗೆ ತಟ್ಟತೊಡಗಿದರು.