ಮಾವನವರ ಕಲ್ಲುಸಕ್ಕರೆ

ನಮ್ಮ ಮಾವನವರ ತಲೆಯಲ್ಲಿ ಕಲ್ಲಿದೆ ಎಂದು ನಾನು ಮದುವೆಯಾದ ಮೊದಲ ವಾರದಿಂದಲೇ ಹೇಳುತ್ತಾ ಬಂದಿದ್ದೇನೆ. ಯಾರಾದರೂ ನಂಬಬೇಕಲ್ಲ! ಸೊಸೆಯಾದವಳು ಮಾವನ ಬಗ್ಗೆ ಇನ್ನೇನು ಹೇಳಿಯಾಳು ಎಂದು ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ನನ್ನ ಮಾತು ಅಕ್ಷರಶಃ ನಿಜ ಎಂದು ಗೊತ್ತಾಗುವುದಕ್ಕೆ ಹನ್ನೊಂದು ವರ್ಷ ಬೇಕಾಯಿತು. ಗೊತ್ತಾದ ದಿನ ನಾನು ಗೆದ್ದೆ ಎಂದು ಕುಣಿಯಬೇಕಾಗಿತ್ತು. ಬದಲಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ.

ಮಾವನವರು ಉಡುಪಿ ಕಡೆಯವರು. ಹುಡುಗರಾಗಿದ್ದಾಗಲೇ ಮುಂಬಯಿಗೆ ಬಂದು ಸೇರಿದ್ದು ಮೀನು ಅಳೆಯುವ ಕೆಲಸಕ್ಕೆ. ಹೌದು, ಅಂಥದ್ದೊಂದು ಕೆಲಸವಿದೆ, ಅದಕ್ಕೆ ಪೆನ್ಶನ್ನೂ ಇದೆ! ಬೆಳಿಗ್ಗೆ ದೋಣಿಗಳು ಬರುವ ಹೊತ್ತಿಗೆ ಧಕ್ಕೆಗೆ, ಅಂದರೆ ದೋಣಿ ನಿಲ್ಲುವ ಕಟ್ಟೆಗೆ, ಹೋಗುವುದು, ಸ್ಕೇಲು ಹೊಡೆದ ಹಲಗೆಯ ಮೇಲೆ ಒಂದೊಂದೇ ಮೀನನ್ನು ಮಲಗಿಸಿ ಉದ್ದ ಬರೆದುಕೊಳ್ಳುವುದು, ಹೊಟ್ಟೆಯಲ್ಲಿ ಮೊಟ್ಟೆ ಇದೆಯೇ ನೋಡುವುದು, ಆಮೇಲೆ ತಲೆ ಬಿಚ್ಚಿ ಕಿವಿಯ ಕಲ್ಲು ತೆಗೆದು ಮೀನು ಸಂಶೋಧನೆಯ ಕಚೇರಿಯ ಸಾಹೇಬರಿಗೆ ಕೊಡುವುದು. ಮೀನಿಗೂ ಕಿವಿಯೇ, ಕಿವಿಯೊಳಗೆ ಕಲ್ಲೇ ಎಂದು ಕೇಳಬೇಡಿ. ನಾನು ಒಮ್ಮೆ ಕೇಳಿ ಒಂದು ಭಾನುವಾರವನ್ನು ಪೂರ್ತಿ ಕಳೆದುಕೊಂಡಿದ್ದೇನೆ.

ಆ ಭಾನುವಾರ ಕಲಿತದ್ದನ್ನು ನಿಮಗೆ ಎರಡೇ ನಿಮಿಷದಲ್ಲಿ ಹೇಳುತ್ತೇನೆ. ಮುಂಬಯಿಯವರು ಧೋಮಾ ಎನ್ನುವ ಮೀನಿಗೆ ಮಾವನವರ ಊರಿನಲ್ಲಿ ಕಲ್ಲೂರು ಎನ್ನುತ್ತಾರೆ. ಅದರ ತಲೆಯೊಳಗೆ ಎಡಕ್ಕೊಂದು ಬಲಕ್ಕೊಂದು, ಅವರೆಕಾಳಿನಷ್ಟು ದಪ್ಪದ ಬಿಳಿ ಕಲ್ಲುಗಳಿರುತ್ತವೆ. ನೀರಿನಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಎಂದು ಮೀನಿಗೆ ತಿಳಿಯುವುದು ಅದರಿಂದಲೇ. ಮೀನು ಬೆಳೆದ ಹಾಗೆ ಕಲ್ಲಿಗೂ ಪದರದ ಮೇಲೆ ಪದರ ಕೂಡುತ್ತದೆ. ಸೀಳಿ ಭೂತಗನ್ನಡಿಯಲ್ಲಿ ಎಣಿಸಿದರೆ ಮೀನಿನ ವಯಸ್ಸು ಸಿಗುತ್ತದೆ. ಇನ್ನು ಅದರ ಹೊಟ್ಟೆಯೊಳಗಿನ ಗಾಳಿಚೀಲ! ಅದನ್ನು ನಡುಗಿಸಿ ಮೀನು ಗೊರ್ ಗೊರ್ ಎಂದು ಸದ್ದು ಮಾಡುತ್ತದೆ. ಮೊಟ್ಟೆಯಿಡುವ ಕಾಲಕ್ಕೆ ಗುಂಪುಗೂಡಿ ಎಂಥ ಗದ್ದಲ ಎಬ್ಬಿಸುತ್ತವೆಂದರೆ ಹಳೆಯ ಮೀನುಗಾರರು ದೋಣಿಯ ಹುಟ್ಟನ್ನು ನೀರಿಗಿಳಿಸಿ ಅದರ ತುದಿಗೆ ಕಿವಿಯಿಟ್ಟು ಕೇಳಿ, ಅಲ್ಲೇ ಬಲೆ ಬಿಡುತ್ತಿದ್ದರಂತೆ. ಇದೇ ಜಾತಿಯ ದೊಡ್ಡ ಮೀನಿನ ಗಾಳಿಚೀಲ ಒಣಗಿಸಿದರೆ ಹೊರದೇಶಕ್ಕೆ ಹೋಗುತ್ತದೆ, ಮೀನಿಗಿಂತ ಚೀಲಕ್ಕೇ ಬೆಲೆ ಜಾಸ್ತಿ. ಮಾವನವರಿಗೆ ಮಾತ್ರ ಚೀಲ ಬೇಡ, ಕಲ್ಲೇ ಬೇಕು.

ನಾನು ಧಾರವಾಡದ ಕಡೆಯವಳು. ಅಪ್ಪ ಜೋಗೇಶ್ವರಿಯಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದವರು. ನಮ್ಮ ಮನೆಯಲ್ಲಿ ಸೋಮವಾರ ಉಳ್ಳಾಗಡ್ಡಿಯನ್ನೂ ಮುಟ್ಟುತ್ತಿರಲಿಲ್ಲ. ಬಾಂದ್ರಾದ ಆಫೀಸಿನಲ್ಲಿ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವರನ್ನೇ ಮದುವೆಯಾಗುತ್ತೇನೆ ಎಂದು ಹಟ ಹಿಡಿದಾಗ ಅವರ ತಂದೆ, ಅಂದರೆ ಈ ಮಾವನವರು, ಮಾತಾಡಲು ಒಬ್ಬರೇ ಬಂದರು. ಅತ್ತೆ ಅದಾಗಲೇ ತೀರಿಕೊಂಡಿದ್ದರು. ಬಂದವರು ಅಡುಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಕೇಳಲಿಲ್ಲ. ಜೇಬಿನಿಂದ ಪೇಪರಿನ ಪೊಟ್ಟಣ ತೆಗೆದು, ಬೆಳ್ಳಗೆ ಹೊಳೆಯುವ ಒಂದು ತುಣುಕನ್ನು ನನ್ನ ಅಂಗೈಯಲ್ಲಿಟ್ಟರು. ಹಿರಿಯರು, ಯಾವುದೋ ಕ್ಷೇತ್ರದ ಕಲ್ಲುಸಕ್ಕರೆ ಪ್ರಸಾದ ತಂದಿದ್ದಾರೆ ಎಂದುಕೊಂಡು ನಾನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡುಬಿಟ್ಟೆ! ನಮ್ಮವ್ವನೂ ಕೈ ಚಾಚಿದಳು.

ಕಲ್ಲುಸಕ್ಕರೆ ಕರಗಲೊಲ್ಲದು. ಈ ಕೆನ್ನೆಯಿಂದ ಆ ಕೆನ್ನೆಗೆ ಉರುಳಿಸಿದೆ, ಕಡಿದು ನೋಡಿದೆ. ಮಾವನವರು ನನ್ನ ಬಾಯಿಯನ್ನೇ ನೋಡುತ್ತಾ, "ಅದು ಕಲ್ಲೂರು ಮೀನಿನ ಕಿವಿಯ ಕಲ್ಲು ಮಾರಾಯ್ತಿ. ನೋಡ್ಲಿಕ್ಕೆ ಕೊಟ್ಟದ್ದು, ತಿನ್ಲಿಕ್ಕೆ ಅಲ್ಲ" ಎಂದರು.

ಅಪ್ಪನ ಮುಖ ಹೇಗಾಗಿರಬೇಕು ನೀವೇ ಊಹಿಸಿ. ಆದರೆ ಸೋಲುವುದು ನನ್ನ ಜಾಯಮಾನದಲ್ಲಿಲ್ಲ. ಕಲ್ಲನ್ನು ಹೊರತೆಗೆದು ಸೆರಗಿನಲ್ಲಿ ಒರೆಸಿ ಅವರ ಕೈಗಿಟ್ಟು, "ಉಪ್ಪು ಸ್ವಲ್ಪ ಕಡಿಮಿ ಆಗೇದ್ರಿ" ಎಂದೆ. ಅವರು ಎಷ್ಟು ನಕ್ಕರೆಂದರೆ ಅವ್ವ ನೀರು ತಂದು ಕೊಡಬೇಕಾಯಿತು. ಮದುವೆ ಅಂದೇ ಗೊತ್ತಾಯಿತು.

ಭಾಂಡುಪಿನ ಮನೆಗೆ ಬಂದಮೇಲೆ ಈ ಕಲ್ಲುಗಳು ಎಲ್ಲೆಲ್ಲಿ ಸಿಕ್ಕವೆಂದು ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಅಂಗಿ ಒಗೆಯಲು ಹಾಕಿದರೆ ಮಷಿನ್ ಒಳಗೆ ಗಿಲಗಿಲ. ಒಮ್ಮೆ ಮಾವನವರು ಜೋಗೇಶ್ವರಿಯಿಂದ ಬಾಂದ್ರಾಕ್ಕೆ ಲೋಕಲ್‌ನಲ್ಲಿ ನಿಂತುಕೊಂಡು ಹೋಗುವಾಗ ಪೊಟ್ಟಣ ಬಿಚ್ಚಿ ಭೂತಗನ್ನಡಿ ಹಿಡಿದರಂತೆ. ಆ ಲೈನಿನಲ್ಲಿ ಪೇಪರಿನ ಪೊಟ್ಟಣ, ಭೂತಗನ್ನಡಿ ಎಂದರೆ ವಜ್ರದ ವ್ಯಾಪಾರಿಯೇ! ಕೂತಿದ್ದ ಒಬ್ಬ ದಪ್ಪ ಸೇಠ್ ತಾನಾಗಿ ಸರಿದು ಜಾಗ ಕೊಟ್ಟು, ಮೆಲ್ಲಗೆ ಎಷ್ಟು ಕ್ಯಾರೆಟ್ಟು ಎಂದು ವಿಚಾರಿಸಿದನಂತೆ. ಇವರು ಮೂರು ವರ್ಷ, ಧೋಮಾ ಎಂದರಂತೆ. ಸೇಠ್ ಸಾಂತಾಕ್ರೂಜ್‌ನಲ್ಲೇ ಇಳಿದುಹೋದನಂತೆ, ಸೀಟು ಮಾತ್ರ ಇವರಿಗೇ ಉಳಿಯಿತು.

ಇಂಥವರ ಸಂಗ್ರಹ ಇದ್ದದ್ದು ಅಟ್ಟದ ಮೇಲಿನ ಒಂದು ಹಳೆಯ ಬಿಸ್ಕತ್ ಡಬ್ಬಿಯಲ್ಲಿ. ಕೆಲಸಕ್ಕೆ ಸೇರಿದ ವರ್ಷದಿಂದ ಕೂಡಿಸಿದ್ದು, ಒಂದೊಂದು ಪೊಟ್ಟಣದ ಮೇಲೂ ಯಾವ ಧಕ್ಕೆ, ಯಾವ ದೋಣಿ, ಮೀನಿನ ಉದ್ದ ಎಷ್ಟು ಎಂದು ಬರೆದದ್ದು. ಹೋದ ದೀಪಾವಳಿಗೆ ಮುಂಚೆ ನಾನು ಮನೆ ತೊಳೆಯುವ ಆವೇಶದಲ್ಲಿ ಅಟ್ಟ ಹತ್ತಿದೆ. ಕೆಳಗೆ ಭಂಗಾರ್‌ವಾಲಾ ಕೂಗುತ್ತಿದ್ದ. ನಮ್ಮವ್ವ ಮುಂಬಯಿಗೆ ಬಂದ ಹೊಸದರಲ್ಲಿ ಇವನ ಕೂಗು ಕೇಳಿ, ಈ ಊರಿನಲ್ಲಿ ಬಂಗಾರವನ್ನು ಕೈಗಾಡಿಯಲ್ಲಿ ಮಾರುತ್ತಾರಲ್ಲ ಎಂದು ಬೆರಗಾಗಿದ್ದಳು. ಭಂಗಾರ್ ಎಂದರೆ ಇಲ್ಲಿ ಗುಜರಿ. ನಾನು ಹಳೆಯ ಡಬ್ಬಿಗಳನ್ನೆಲ್ಲ ಮುಚ್ಚಳ ತೆಗೆದೂ ನೋಡದೆ ಅವನಿಗೆ ಕೊಟ್ಟುಬಿಟ್ಟೆ. ಅದರಲ್ಲಿ ಮಾವನವರ ಬಂಗಾರವೂ ಹೋಯಿತು.

ಅಂದೇ ಸಂಜೆ ಅವರು ಸ್ಟೂಲು ಹತ್ತಿ ಅಟ್ಟದಲ್ಲಿ ತಡಕಾಡಿದರು. ಅಟ್ಟದ ಬಾಗಿಲು ತಲೆಗೆ ಠಣ್ಣನೆ ಬಡಿಯಿತು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ತಲೆ ಸವರಿಕೊಳ್ಳುತ್ತಾ "ಹೌದಾ" ಎಂದರು, ಅಷ್ಟೇ. ಬೈದಿದ್ದರೆ ನಾನೂ ತಿರುಗಿ ಎರಡು ಮಾತಾಡಿ ಹಗುರಾಗುತ್ತಿದ್ದೆ.

ಮರುದಿನದಿಂದ ಶುರುವಾಯಿತು ನೋಡಿ ಮುನಿಸು! ನಾನು ಚಹಾ ಕೊಟ್ಟರೆ ಕತ್ತೆತ್ತಿ ನನ್ನ ಮುಖ ನೋಡುವುದಿಲ್ಲ. ಕರೆದರೆ ತಿರುಗುವುದಿಲ್ಲ, ಗೋಡೆಯ ಕಡೆಗೇ ಮುಖ ಮಾಡಿ "ಹ್ಞೂಂ" ಎನ್ನುತ್ತಾರೆ. ಮಂಚ ಬಿಟ್ಟು ಕುರ್ಚಿಯಲ್ಲೇ ನಿದ್ದೆ. ನಡೆಯುವಾಗ ಗೋಡೆ ಸವರುತ್ತಾ, ನನ್ನಿಂದ ಆದಷ್ಟು ದೂರ. ಎಪ್ಪತ್ತೆರಡು ವರ್ಷದ ಮನುಷ್ಯ ಕಲ್ಲಿಗಾಗಿ ಇಷ್ಟು ಹಟ ಮಾಡುವುದೇ ಎಂದು ನನಗೂ ಸಿಟ್ಟು ಬಂತು. ಆದರೆ ಸಿಟ್ಟಿನ ಅಡಿಯಲ್ಲಿ ಸಂಕಟವೂ ಇತ್ತು. ಒಬ್ಬ ಮನುಷ್ಯ ಜೀವನವಿಡೀ ಕೂಡಿಸಿದ್ದನ್ನು ನಾನು ಒಂದು ನಿಮಿಷದಲ್ಲಿ ಕಳೆದಿದ್ದೆ.

ಕೊನೆಗೆ ಒಂದು ದಿನ ನಾನೇ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಭಾಂಡುಪಿನ ಮೀನು ಮಾರ್ಕೆಟ್ಟಿಗೆ ಹೋದೆ. ಅಲ್ಲಿ ಮಾವನವರಿಗೆ ಪರಿಚಯದ ಮೀನು ಮಾರುವ ಮಾವಶಿ ಇದ್ದಾಳೆ. ಧೋಮಾ ಬೇಡ, ಧೋಮಾದ ಕಲ್ಲು ಬೇಕು ಎಂದಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಆ ಕಾಕಾನ ಸೊಸೆಯೇ ಎಂದು ಮರಾಠಿಯಲ್ಲಿ ಕೇಳಿ, ಅಕ್ಕಪಕ್ಕದವರಿಗೂ ಹೇಳಿ ನಗಿಸಿದಳು. ಹಾಗೆಂದು ಬರಿಗೈಲಿ ಕಳಿಸಲಿಲ್ಲ. ಎರಡು ತಾಸು ನಾನು ಉಸಿರು ಬಿಗಿಹಿಡಿದು ನಿಂತೆ, ಅವಳು ಮೀನು ಹೆಚ್ಚುತ್ತಾ ಸಿಕ್ಕಿದ ಕಲ್ಲುಗಳನ್ನು ಒಂದು ಕಡೆ ಇಟ್ಟಳು. ಮನೆಗೆ ತಂದು ತೊಳೆದು, ಪೇಪರಿನಲ್ಲಿ ಕಟ್ಟಿ ಮಾವನವರ ಮೇಜಿನ ಮೇಲಿಟ್ಟೆ. ಸಂಜೆಗೆ ಪೊಟ್ಟಣ ಅಲ್ಲಿರಲಿಲ್ಲ. ಅವರು ಗೋಡೆ ನೋಡುವುದನ್ನು ಮಾತ್ರ ಬಿಡಲಿಲ್ಲ. ಎಸೆದಿರಬೇಕು ಎಂದುಕೊಂಡು ನಾನೂ ಮಾತು ಬಿಟ್ಟೆ.

ಅದಾಗಿ ಎರಡು ದಿನಕ್ಕೆ, ಯಜಮಾನರು ಆಫೀಸಿನ ಕೆಲಸಕ್ಕೆ ಪುಣೆಗೆ ಹೋಗಿದ್ದಾಗ, ಬೆಳಿಗ್ಗೆ ಮೇಲಿನ ಹಗ್ಗದಿಂದ ಒಣಗಿದ ಪಂಚೆ ಎಳೆದುಕೊಳ್ಳಲು ಕತ್ತು ಮೇಲೆತ್ತಿದ ಮಾವನವರು ಹಾಗೇ ಪಕ್ಕಕ್ಕೆ ವಾಲಿ ಬಿದ್ದರು. ಓಡಿಹೋದೆ. ಕಣ್ಣು ಗಟ್ಟಿಯಾಗಿ ಮುಚ್ಚಿ ನೆಲವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ವಾಂತಿಯಾಯಿತು. ಲಕ್ವ ಹೊಡೆಯಿತು ಎಂದೇ ನಾನು ತಿಳಿದೆ. ಕೆಳಗಿನವರನ್ನು ಕೂಗಿ ರಿಕ್ಷಾ ತರಿಸಿ, ಅವರ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು ಆಸ್ಪತ್ರೆಗೆ ಹೋಗುವಾಗ ದಾರಿಯುದ್ದಕ್ಕೂ ದೇವರಿಗೆ ಒಂದೇ ಮಾತು ಹೇಳಿದೆ. ಅವರು ಮಾತು ಬಿಟ್ಟಿದ್ದರೆ ಬಿಡಲಿ, ಜನ್ಮವಿಡೀ ಗೋಡೆ ನೋಡಲಿ, ಉಳಿದರೆ ಸಾಕು.

ಅಲ್ಲಿನ ಡಾಕ್ಟರು ಕೈ ಎತ್ತಿಸಿದರು, ಕಾಲು ಎತ್ತಿಸಿದರು, ನಾಲಿಗೆ ಚಾಚಿಸಿದರು, ತಲೆಯ ಫೋಟೋ ತೆಗೆದರು. ಎಲ್ಲ ಸರಿ ಇದೆ, ಕಿವಿಯ ಡಾಕ್ಟರಿಗೆ ತೋರಿಸಿ ಎಂದರು. ಕಿವಿಯ ಡಾಕ್ಟರು ಚಿಕ್ಕ ವಯಸ್ಸಿನ ಮರಾಠಿ ಹುಡುಗಿ. ಎಷ್ಟು ದಿನದಿಂದ ತಲೆ ತಿರುಗುತ್ತಿದೆ ಎಂದು ಕೇಳಿದಳು. ಮಾವನವರು ಹದಿನೈದು ದಿನ ಎಂದರು. ಕತ್ತೆತ್ತಿದರೆ, ಪಕ್ಕಕ್ಕೆ ತಿರುಗಿದರೆ, ಮಲಗಿದರೆ ಮನೆಯೇ ಗಿರ್ರನೆ ಸುತ್ತುತ್ತದಂತೆ. ಅದಕ್ಕೆ ಮುಂಚೆ ತಲೆಗೆ ಪೆಟ್ಟು ಬಿದ್ದಿತ್ತೇ ಎಂದು ಕೇಳಿದಳು. ಅಟ್ಟದ ಬಾಗಿಲು ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು.

ಆಮೇಲೆ ಅವಳು ಹೇಳಿದ್ದು ಕೇಳಿ: ಹೆದರಬೇಡಿ, ಮನುಷ್ಯರ ಕಿವಿಯೊಳಗೂ ಸಣ್ಣ ಸಣ್ಣ ಕಲ್ಲುಗಳಿರುತ್ತವೆ, ಪೆಟ್ಟು ಬಿದ್ದು ಕಾಕಾನ ಕಲ್ಲು ಜಾಗ ತಪ್ಪಿದೆ, ತಲೆ ತಿರುಗುವುದು ಅದಕ್ಕೇ!

ಹೊಸ ಸೀರೆ ಕಂಡ ಮದುಮಗಳ ಹಾಗೆ ಅರಳಿತು ಮಾವನವರ ಮುಖ. "ನನಗೂ ಉಂಟಾ ಕಲ್ಲು?" ಎಂದು ಎರಡು ಸಲ ಕೇಳಿದರು. ಮೀನಿನದರ ಹಾಗೆ ಸುಣ್ಣದ್ದೇ ಅಲ್ಲವೇ, ತೆಗೆದು ನೋಡಬಹುದೇ ಎಂದೂ ಕೇಳಿದರು. ಅವಳು ಬೇಡ ಎಂದು, ಕಲ್ಲನ್ನು ಅದರ ಜಾಗಕ್ಕೆ ಕಳಿಸಲು ಕತ್ತನ್ನು ಒಂದು ಕಡೆ ತಿರುಗಿಸಿ ಫಕ್ಕನೆ ಮಲಗಿಸಿ, ತಲೆಯನ್ನು ಮಂಚದ ಅಂಚಿನಿಂದ ಕೆಳಗೆ ಇಳಿಬಿಟ್ಟಳು. ಅವರು ನನ್ನ ಮಣಿಕಟ್ಟು ಹಿಡಿದು "ಬಿಡಬೇಡ" ಎಂದರು. ನಾನು ಬಿಡಲಿಲ್ಲ. ಆಗಲೇ ಅವರ ಅಂಗಿಯ ಜೇಬಿನಿಂದ ಒಂದು ಪೊಟ್ಟಣ ಜಾರಿ ನೆಲಕ್ಕೆ ಬಿದ್ದು, ಬಿಳಿ ಕಲ್ಲುಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಹರಡಿದವು. ಡಾಕ್ಟರು ಬಗ್ಗಿ ನೋಡಿ, ಇವೂ ಕಾಕಾನ ಕಿವಿಯಿಂದಲೇ ಬಿದ್ದವೇ ಎಂದಳು.

ನಾಲ್ಕು ಸಲ ತಲೆ ಹೊರಳಿಸಿ ಎಬ್ಬಿಸಿ ಕೂರಿಸಿದಳು. ತಲೆ ಸುತ್ತುವುದು ನಿಂತಿತ್ತು. ನಾನು ಹೊರಗೆ ಬೆಂಚಿನ ಮೇಲೆ ಕೂತು ಅತ್ತದ್ದು ಆಗಲೇ. ಅಷ್ಟು ನೆಮ್ಮದಿಯ ಅಳು ನಾನು ಹಿಂದೆಂದೂ ಅತ್ತಿರಲಿಲ್ಲ.

ವಾಪಸು ಬರುವಾಗ ರಿಕ್ಷಾದಲ್ಲಿ ಕೇಳಿಯೇಬಿಟ್ಟೆ. "ಹಂಗಾರ ನೀವು ನನ್ನ ಮ್ಯಾಲ ಸಿಟ್ಟಾಗಿರಲಿಲ್ಲೇನ್ರಿ ಮಾವಾರ?"

"ಎಂಥ ಸಿಟ್ಟು ಮಾರಾಯ್ತಿ! ನಿನ್ನ ಕಡೆ ತಿರುಗಿದ್ರೆ ನೀನು, ಒಲೆ, ಫ್ರಿಜ್ಜು ಎಲ್ಲ ಒಟ್ಟಿಗೆ ಸುತ್ತುತ್ತಿತ್ತು. ಹೇಳಿದ್ರೆ ನೀನು ಡಬ್ಬಿಯಿಂದಲೇ ಆದದ್ದು ಅಂತ ಕೊರಗ್ತಿ. ಅದಕ್ಕೆ ಗೋಡೆ ನೋಡಿದ್ದು."

ನಾನು ಆಸ್ಪತ್ರೆಯ ನೆಲದಿಂದ ಆರಿಸಿ ಕೈಚೀಲಕ್ಕೆ ಹಾಕಿಕೊಂಡಿದ್ದ ಪೊಟ್ಟಣ ತೆಗೆದೆ. ಮಾರ್ಕೆಟ್ಟಿನಿಂದ ನಾನೇ ತಂದದ್ದು. ಪೇಪರಿನ ಅಂಚಿನಲ್ಲಿ ಅವರ ಅಕ್ಷರವಿತ್ತು, ತಲೆ ತಿರುಗುತ್ತಿರುವಾಗಲೇ ಬರೆದದ್ದಿರಬೇಕು, ಸಾಲು ಸೊಟ್ಟಗೆ ಮೇಲಕ್ಕೆ ಹೋಗಿತ್ತು: "ಕಲ್ಲೂರು. ಭಾಂಡುಪ್ ಮಾರ್ಕೆಟ್. ಎಡದ್ದು ಹನ್ನೊಂದು, ಬಲದ್ದು ಆರು, ಜೋಡಿ ಸರಿಯಿಲ್ಲ. ಸೊಸೆ ಮೂಗು ಕಟ್ಟಿಕೊಂಡು ಹೋಗಿ ತಂದದ್ದು. ಕಳೆಯಬಾರದು."

ಓದುತ್ತಿದ್ದಂತೆ ಅಕ್ಷರಗಳು ಮಸುಕಾದವು. ಕಣ್ಣೀರು ಕೆನ್ನೆಯಿಂದಿಳಿದು ತುಟಿಗೆ ಬಂತು. ಮಾವನವರು ಹದಿನೈದು ದಿನಗಳಲ್ಲಿ ಮೊದಲ ಬಾರಿಗೆ ಕತ್ತನ್ನು ಪೂರ್ತಿ ನನ್ನ ಕಡೆ ತಿರುಗಿಸಿದರು.

"ಇವತ್ತು ಉಪ್ಪು ಸರಿ ಉಂಟಾ?" ಎಂದು ಕೇಳಿದರು.