ಜೆರಾಕ್ಸಪ್ಪನ ಕ್ಷೇತ್ರಕಾರ್ಯ

ಜೆರಾಕ್ಸಪ್ಪನ ಸಂಸಾರದ ನೆಮ್ಮದಿಗೆ ಕೊಳ್ಳಿಯಿಟ್ಟದ್ದು ಒಂದೇ ಒಂದು ಪದ. ಅದು ಬೈಗುಳವೂ ಅಲ್ಲ, ಪ್ರೇಮದ ಮಾತೂ ಅಲ್ಲ, ‘ಆಮೇಲೆ?’ ಎಂಬ ನಿರುಪದ್ರವಿ ಪದ.

ಬೆಳಗ್ಗೆ ಆತ ಹಲ್ಲುಜ್ಜುವ ಬ್ರಶ್ಶನ್ನು ಬಾಯಲ್ಲಿಟ್ಟುಕೊಂಡೇ ಕೋಣೆಯ ಬಾಗಿಲಿಗೆ ಬಂದಾಗ ಹೆಂಡತಿ ಕನ್ನಡಿಯ ಮುಂದೆ ಜಡೆ ಹೆಣೆದುಕೊಳ್ಳುತ್ತಿದ್ದಳು. ಕನ್ನಡಿಯೊಳಗಿಂದಲೇ ಗಂಡನನ್ನು ನೋಡಿ ಅವಳು ಶುರುವಿಟ್ಟುಕೊಂಡಳು.

“ಆ ತರಬೇತಿ ಸರ್ ಇದಾರಲ್ಲ, ಎಂಥ ಮನುಷ್ಯ ಗೊತ್ತಾ ನಿಮ್ಗೆ? ನಾವು ಮಾತಾಡ್ತಿದ್ರೆ ಪೆನ್ನು ಕೆಳಗಿಟ್ಟು, ತಲೆ ಒಂಚೂರು ವಾಲಿಸಿ, ಪೂರ್ತಿ ಕೇಳ್ತಾರೆ. ನಾವು ನಿಲ್ಲಿಸಿದ್ರೆ ‘ಆಮೇಲೆ?’ ಅಂತಾರೆ. ನಂಗೆ ಹುಟ್ಟಿದಾಗಿಂದ ಯಾರೂ ‘ಆಮೇಲೆ?’ ಅಂದಿರ್ಲಿಲ್ಲ ರೀ!”

ಹಳ್ಳಿಯ ಹೆಂಗಸರ ಜೀವನೋಪಾಯದ ಯೋಜನೆಯೊಂದು ಊರಿನಲ್ಲಿ ಕಚೇರಿ ತೆರೆದಿತ್ತು. ಕೋಳಿ ಸಾಕುವವರು, ಹಸು ಕಟ್ಟಿಕೊಂಡವರು, ಹೊಲಿಗೆ ಯಂತ್ರ ಇಟ್ಟುಕೊಂಡವರು, ಇವರ ಮನೆಮನೆಗೆ ಹೋಗಿ, ಎಷ್ಟು ದುಡಿಯುತ್ತೀರಿ, ದುಡಿದದ್ದು ಯಾರ ಕೈ ಸೇರುತ್ತದೆ ಎಂದು ಕೇಳಿ ಬರೆದುಕೊಂಡು ಬರಲು ಅವರಿಗೆ ಜನ ಬೇಕಾಗಿತ್ತು. ನಿನ್ನೆ ಆ ತರಬೇತಿ ಸರ್ ನಡೆಸಿದ ಮೊದಲ ಸುತ್ತಿನಲ್ಲಿ ಹೆಂಡತಿ ಪಾಸಾಗಿದ್ದಳು. ಇವತ್ತು ಕೊನೆಯ ಸುತ್ತು.

ಜೆರಾಕ್ಸಪ್ಪನ ಹೊಟ್ಟೆಯಲ್ಲಿ ಯಾರೋ ಕೆಂಡದ ಬಾಣಲೆ ಇಟ್ಟಂತಾಯಿತು. ಆದರೂ ತಾನೇನು ಕಡಿಮೆ ಎಂದುಕೊಂಡು ತಲೆಯನ್ನು ವಾಲಿಸಿ, ಬಾಯಿತುಂಬ ನೊರೆಯಿಟ್ಟುಕೊಂಡೇ, “ಹೂಂ... ಆಮೇಲೆ?” ಎಂದ. ನೊರೆ ಗಲ್ಲದ ಮೇಲಿಳಿದು ಬನಿಯನ್ನಿಗೆ ತೊಟ್ಟಿಕ್ಕಿತು.

ಹೆಂಡತಿ ಗಾಬರಿಯಿಂದ ತಿರುಗಿದಳು. “ಯಾಕ್ರೀ, ಕುತ್ತಿಗೆ ಉಳುಕಿದ್ಯಾ? ಹೋಗಿ ಮೊದ್ಲು ಬಾಯಿ ತೊಳ್ಕೊಳ್ಳಿ.”

ಯೋಜನೆಯ ಕಚೇರಿಗೆ ಎದುರಾಗಿಯೇ ಆತನ ಜೆರಾಕ್ಸ್ ಅಂಗಡಿ. ಹೆಸರು ಮರೆತು ಊರೆಲ್ಲ ಆತನನ್ನು ಜೆರಾಕ್ಸಪ್ಪ ಎಂದು ಕರೆಯತೊಡಗಿ ಬಹಳ ಕಾಲವಾಗಿತ್ತು. ಪಕ್ಕದ ಗೂಡಂಗಡಿಯಲ್ಲಿ ಗಡಿಯಾರ ರಿಪೇರಿಯವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿರುತ್ತಿದ್ದ. ಆ ಗಾಜಿನಲ್ಲಿ ನೋಡಿ ನೋಡಿ ಅವನಿಗೆ ಜಗತ್ತಿನ ಯಾವ ಸಣ್ಣ ಸಂಗತಿಯೂ ಸಣ್ಣದಾಗಿ ಕಾಣುವುದು ನಿಂತುಹೋಗಿತ್ತು.

“ಏನಯ್ಯಾ, ನಿನ್ನ ಮನೆಯವರು ಆಗ್ಲೇ ಒಳಗೆ ಹೋದ್ರು,” ಎಂದ ಗಡಿಯಾರದವನು. “ಆ ಗುಂಗುರು ಕೂದಲಿನ ತರಬೇತಿಯವನು ಬಾಗಿಲ ತನಕ ಬಂದು ಕರ್ಕೊಂಡು ಹೋದ. ಛತ್ರಿ ಇಸ್ಕೊಂಡು ತಾನೇ ಮಡಚಿಟ್ಟ.”

“ಛತ್ರಿ ಮಡಚಿದ್ನಾ?”

“ನಾನೇನೂ ಹೇಳ್ತಿಲ್ಲಪ್ಪ. ನೋಡಿದ್ದು ಹೇಳ್ದೆ. ನೀನು ಯಾವತ್ತಾದ್ರೂ ಅವರ ಛತ್ರಿ ಮಡಚಿದೀಯಾ?”

ಜೆರಾಕ್ಸಪ್ಪ ನೆನಪು ಕೆದಕಿದ. ಮದುವೆಯಾದಾಗಿನಿಂದ ಛತ್ರಿಯ ಕೆಳಗೆ ಜಾಗ ಹಿಡಿದದ್ದು ಬಿಟ್ಟರೆ ಅದಕ್ಕಾಗಿ ಆತ ಏನೂ ಮಾಡಿದಂತಿರಲಿಲ್ಲ.

“ಕೆಲಸ ಸಿಕ್ಕಿದ್ರೆ ದಿನಾ ಹಳ್ಳಿ ಹಳ್ಳಿ ತಿರುಗಾಟ,” ಗಡಿಯಾರದವನು ಚಿಮಟದಲ್ಲಿ ಮುಳ್ಳೊಂದನ್ನು ಎತ್ತಿ ಹಿಡಿದು ಮುಂದುವರಿಸಿದ. “ಒಂದೇ ಜೀಪು. ಒಂದೇ ಸೀಟು. ಹಾಳು ರಸ್ತೆ ಬೇರೆ, ಒಂದೊಂದು ಗುಂಡಿಗೂ ಜನ ಒಬ್ಬರ ಮೇಲೊಬ್ಬರು...”

“ಸಾಕು ಮಾಡಯ್ಯಾ!”

“ನಾನಾಗಿದ್ರೆ ಏನ್ ಮಾಡ್ತಿದ್ದೆ ಗೊತ್ತಾ? ನಾನೂ ಒಂದು ಅರ್ಜಿ ಗುಜರಾಯಿಸ್ತಿದ್ದೆ. ಗಂಡಸರು ಬರಬಾರದು ಅಂತ ಎಲ್ಲೂ ಹಾಕಿಲ್ವಲ್ಲ.”

ಜೆರಾಕ್ಸಪ್ಪನ ತಲೆಯಲ್ಲಿ ದೀಪ ಹೊತ್ತಿತು. ಜೀಪಿನ ಆ ಸೀಟಿನಲ್ಲಿ, ಅವರಿಬ್ಬರ ನಟ್ಟನಡುವೆ, ಮೈಲಿಗಲ್ಲಿನಂತೆ ತಾನು ಕೂತಿರುವ ಚಿತ್ರ ಕಣ್ಣಿಗೆ ಕಟ್ಟಿತು. ಅರ್ಜಿ ನಮೂನೆಯನ್ನು ಯಂತ್ರಕ್ಕೆ ಹಾಕಿದ. ಊರಿಗೆಲ್ಲ ಚೊಕ್ಕಟ ಪ್ರತಿ ತೆಗೆದುಕೊಟ್ಟ ಯಂತ್ರ ಯಜಮಾನನ ಸರದಿ ಬಂದೊಡನೆ ಕಾಗದ ಕಚ್ಚಿ ಕೂತಿತು. ಅದರ ಹೊಟ್ಟೆಗೆ ಕೈ ಹಾಕಿ ಎಳೆದದ್ದರಿಂದ ಮೊಣಕೈವರೆಗೂ, ಆ ಕೈಯಲ್ಲಿ ಬೆವರು ಒರೆಸಿಕೊಂಡದ್ದರಿಂದ ಮೂಗಿಗೂ ಮಸಿ ಹತ್ತಿತು. ಅದೇ ವೇಷದಲ್ಲಿ ಅಂಗಡಿಯನ್ನು ಗಡಿಯಾರದವನಿಗೆ ಒಪ್ಪಿಸಿ ರಸ್ತೆ ದಾಟಿದ.

ಕಚೇರಿಯ ಸಭಾಂಗಣದಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು. ಯೋಜನೆಯ ಮುಖ್ಯಸ್ಥೆ ದಪ್ಪ ಕನ್ನಡಕದ ಹಿರಿಯ ಮಹಿಳೆ. ಮಸಿ ಮೂಗಿನ ಅಭ್ಯರ್ಥಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನಿನ್ನೆ ಮೊದಲ ಸುತ್ತಿಗೆ ನೀವು ಬಂದಿರ್ಲಿಲ್ಲ, ಇರ್ಲಿ. ನಿಮಗೆ ಈ ಕೆಲಸದ ಮೇಲೆ ಯಾಕೆ ಆಸಕ್ತಿ?” ಎಂದು ಕೇಳಿದರು.

“ಹೆಂಗಸರ ಏಳಿಗೆ ಮೇಡಂ,” ಎಂದ ಜೆರಾಕ್ಸಪ್ಪ. ದೃಷ್ಟಿ ಮಾತ್ರ ಕಿಟಕಿಯ ಬಳಿಗೆ ನೆಟ್ಟಿತ್ತು. ಅಲ್ಲಿ ಹೆಂಡತಿಯೂ ಗುಂಗುರು ಕೂದಲಿನವನೂ ಒಂದೇ ಹಾಳೆಯ ಮೇಲೆ ಬಾಗಿ ಏನನ್ನೋ ಓದುತ್ತಿದ್ದರು. ಗಂಡನನ್ನು ಕಂಡ ಹೆಂಡತಿ ಕಣ್ಣರಳಿಸಿದಳು; ಮೂಗನ್ನು ಕಂಡು ಬಾಯಿ ಮುಚ್ಚಿಕೊಂಡಳು.

ಪರೀಕ್ಷೆಯ ರೀತಿ ಸರಳವಾಗಿತ್ತು. ಒಬ್ಬರು ಹಳ್ಳಿಯ ಹೆಂಗಸಿನ ಪಾತ್ರ ಮಾಡಬೇಕು. ಅಭ್ಯರ್ಥಿ ಅವಳನ್ನು ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳಬೇಕು. ಜೆರಾಕ್ಸಪ್ಪನ ಪಾಲಿಗೆ ಹಳ್ಳಿಯ ಹೆಂಗಸಾಗಿ ಬಂದವಳು ಕಚೇರಿಯ ಕಸಗುಡಿಸುವ ಅಜ್ಜಿ.

“ನಿಮ್ಮತ್ರ ಎಷ್ಟು ಕೋಳಿ ಇವೆ?”

“ಹತ್ತಿವೆ ಸ್ವಾಮಿ.”

ಕಿಟಕಿಯ ಕಡೆಯಿಂದ ಕಿಲಕಿಲ ಸದ್ದು ಬಂತು. ಜೆರಾಕ್ಸಪ್ಪನ ಕತ್ತು ತಾನಾಗಿಯೇ ತಿರುಗಿತು. “ಯಾಕೆ ನಗ್ತಿದಾರೆ?”

“ಯಾರು, ಕೋಳಿಗಳಾ?”

“ಆಂ? ಹೂಂ... ಮೊಟ್ಟೆ ಮಾರೋರು ಯಾರು?”

“ನಾನೇ.”

“ಇಷ್ಟು ಹತ್ತಿರ ಯಾಕೆ ಕೂರಬೇಕು?”

“ದೂರ ಕೂತ್ರೆ ಕಾವು ತಾಗಲ್ವಲ್ಲ ಸ್ವಾಮಿ!”

ಮುಖ್ಯಸ್ಥೆ ಬಂದು ಆತನ ಹಾಳೆಯನ್ನೆತ್ತಿ ಗಟ್ಟಿಯಾಗಿ ಓದಿದರು: “ಕೋಳಿಗಳು ಹತ್ತು. ಎಲ್ಲವೂ ನಗುತ್ತವೆ.” ಸಭಾಂಗಣ ಗೊಳ್ಳೆಂದಿತು. ಜೆರಾಕ್ಸಪ್ಪ ಪೆಚ್ಚುಮೋರೆ ಹಾಕಿಕೊಂಡು ಹಿಂದಿನ ಸಾಲಿಗೆ ಸರಿದ. ಕೆಲಸ ಕೈತಪ್ಪಿತು, ಜೀಪಿನ ನಡುವಿನ ಜಾಗವೂ ಹೋಯಿತು. ಇನ್ನು ದಿನವೂ ಅವರಿಬ್ಬರು ಆ ಹಾಳು ರಸ್ತೆಯಲ್ಲಿ ಕುಲುಕಾಡುತ್ತ ಹೋಗುವುದನ್ನು ತಾನು ಅಂಗಡಿಯಲ್ಲಿ ನಿಂತು ನೋಡಬೇಕು.

ಅಷ್ಟರಲ್ಲಿ ಹೆಂಡತಿಯ ಸರದಿ ಬಂತು. ಅವಳೆದುರು ಹಳ್ಳಿಯ ಹೆಂಗಸಾಗಿ ಕೂರಲು, ತಲೆಗೊಂದು ಟವೆಲ್ ಹೊದ್ದು ಮುಂದೆ ಬಂದವನು ಸಾಕ್ಷಾತ್ ಆ ತರಬೇತುದಾರ!

“ಅಕ್ಕಾ, ನಿಮ್ಮ ಯಜಮಾನ್ರು ಏನ್ ಕೆಲಸ ಮಾಡ್ತಾರೆ?” ಹೆಂಡತಿ ಮೃದುವಾಗಿ ಕೇಳಿದಳು.

ತರಬೇತುದಾರ ಟವೆಲ್ಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ನಾಚಿದ. “ಅದನ್ನೇನ್ ಕೇಳ್ತೀರಾ ಮೇಡಂ. ಅವರಿಗೆ ನನ್ನ ಕಾಯೋದೇ ಕೆಲಸ.”

ಹೆಂಡತಿ ನಕ್ಕಳು. ತರಬೇತುದಾರನೂ ನಕ್ಕ. ಜೆರಾಕ್ಸಪ್ಪನ ತಾಳ್ಮೆಯ ಹಗ್ಗ ಪಟ್ಟೆಂದು ಹರಿಯಿತು. ಕೂತಿದ್ದ ಕುರ್ಚಿಯನ್ನು ದರದರನೆ ಎಳೆದುಕೊಂಡು ಹೋಗಿ, ಇಬ್ಬರ ಮಧ್ಯೆ ಇಟ್ಟು, ಅದರಲ್ಲಿ ಧೊಪ್ಪೆಂದು ಕುಳಿತ.

“ಯಜಮಾನ ಇಲ್ಲೇ ಇದೀನಿ! ಏನ್ ಕೇಳೋದಿದ್ರೂ ನನ್ನ ಕೇಳಿ!”

ಯಾರೋ ಆತನನ್ನು ಎಬ್ಬಿಸಲು ಧಾವಿಸಿದರು. ಮುಖ್ಯಸ್ಥೆ ಕೈಯೆತ್ತಿ ತಡೆದರು. “ಬಿಡಿ, ನಡೀಲಿ.”

ಹೆಂಡತಿ ಒಂದು ಗಳಿಗೆ ಗಂಡನನ್ನು ಕಣ್ಣಲ್ಲೇ ಸುಟ್ಟು, ಮರುಗಳಿಗೆ ಮುಖದ ಮೇಲೆ ನಗು ತಂದುಕೊಂಡಳು. “ಆಗ್ಲಿ ಯಜಮಾನ್ರೇ. ಅಕ್ಕಾ, ನಿಮ್ಮನೇಲಿ ಎಷ್ಟು ಹಸು ಇವೆ?”

“ಅವಳಿಗೇನ್ ಗೊತ್ತು? ಎರಡು!”

“ಹಾಲು ಕರೆಯೋರು ಯಾರು ಅಕ್ಕಾ?”

“ಅವಳೇ. ಆದ್ರೆ ವ್ಯವಹಾರ ಎಲ್ಲಾ ನಂದು.”

ತರಬೇತುದಾರ ಟವೆಲ್ಲಿನೊಳಗಿಂದ ಏನೋ ಹೇಳಲು ಬಾಯಿ ತೆರೆದ. “ಸುಮ್ನಿರೇ ನೀನು!” ಎಂದು ಜೆರಾಕ್ಸಪ್ಪ ಗದರಿಸಿದ ರಭಸಕ್ಕೆ ಆ ಯುವಕ ನಿಜವಾಗಿಯೂ ಮುದುಡಿ ಕುಳಿತ.

ಹೆಂಡತಿ ಕೊನೆಯ ಅಸ್ತ್ರ ತೆಗೆದಳು. “ಅಯ್ಯೋ ಯಜಮಾನ್ರೇ, ಹೊರಗೆ ನಿಮ್ಮ ಹಸು ಹಗ್ಗ ಕಿತ್ಕೊಂಡು ಓಡ್ತಿದೆ ನೋಡಿ!”

“ಓಡ್ಲಿ! ಎರಡೂ ಓಡ್ಲಿ! ನಾನು ಇಲ್ಲಿಂದ ಏಳಲ್ಲ!”

ಪರೀಕ್ಷೆ ಮುಗಿಯಿತು. ಮುಖ್ಯಸ್ಥೆ ಜೆರಾಕ್ಸಪ್ಪನೊಬ್ಬನನ್ನೇ ಕೋಣೆಗೆ ಕರೆಸಿದರು. ಬೈಸಿಕೊಳ್ಳಲು ಸಿದ್ಧನಾಗಿಯೇ ಆತ ಒಳಗೆ ಹೋದ. ಆದರೆ ಒಳಗೊಳಗೇ ಒಂದು ಸಮಾಧಾನವೂ ಇತ್ತು. ಈ ರಂಪದಿಂದ ತನ್ನ ಜೊತೆ ಹೆಂಡತಿಯ ಹೆಸರೂ ಹೊಡೆದುಹೋಗಿರುತ್ತದೆ. ಮನೆಯಲ್ಲಿ ನಾಲ್ಕು ದಿನ ಬೈಗುಳ ತಿಂದರಾಯಿತು, ಆ ಜೀಪಂತೂ ತಪ್ಪಿತು.

“ಅಷ್ಟು ಕಾಟ ಕೊಟ್ರೂ ನಿಮ್ಮ ಮನೆಯವರು ದನಿ ಏರಿಸ್ಲಿಲ್ಲ,” ಎಂದರು ಮುಖ್ಯಸ್ಥೆ. “ಅವರನ್ನ ತಗೊಂಡಿದೀವಿ.”

ಜೆರಾಕ್ಸಪ್ಪನ ಮುಖ ಗಾಳಿ ಹೋದ ಟ್ಯೂಬಿನಂತಾಯಿತು.

“ನಿಮ್ಮನ್ನೂ ತಗೊಂಡಿದೀವಿ.”

ಟ್ಯೂಬಿಗೆ ಮತ್ತೆ ಗಾಳಿ ತುಂಬಿತು. “ನನ್ನನ್ನಾ ಮೇಡಂ?”

“ಇಷ್ಟು ದಿನ ನಾವು ಹುಡುಕ್ತಿದ್ದದ್ದು ನಿಮ್ಮಂಥವರನ್ನೇ. ನೀವು, ನಿಮ್ಮ ಮನೆಯವರು, ತರಬೇತಿ ಸರ್, ಮೂವರೂ ಒಂದೇ ತಂಡ. ಮಧ್ಯಾಹ್ನವೇ ಒಂದು ಮನೆಗೆ ಹೋಗಿ ಬನ್ನಿ. ನಿಮ್ಮ ಕೆಲಸ ಏನು ಅಂತ...”

“ಎಲ್ಲಾ ಗೊತ್ತು ಮೇಡಂ!” ಎಂದು ಜೆರಾಕ್ಸಪ್ಪ ತೋರಿಸಿದಲ್ಲೆಲ್ಲ ಸಹಿ ಜಡಿದು, ಒಂದೇ ಉಸಿರಿಗೆ ರಸ್ತೆ ದಾಟಿ ಗಡಿಯಾರದವನ ಮುಂದೆ ಎದೆಯುಬ್ಬಿಸಿ ನಿಂತ.

“ಹೊಡೆದೆ ನೋಡು! ಇನ್ಮೇಲೆ ಅವರಿಬ್ಬರು ಎಲ್ಲಿ ಹೋದ್ರೂ ಜೊತೆಗೆ ನಾನು!”

ಗಡಿಯಾರದವನು ಭೂತಗನ್ನಡಿ ತೆಗೆದು ಬರಿಗಣ್ಣಲ್ಲಿ ಗೆಳೆಯನನ್ನು ನೋಡಿದ. ಅಷ್ಟು ದೊಡ್ಡ ಸಂತೋಷವನ್ನು ಕಂಡು ಅವನಿಗೂ ಹೊಟ್ಟೆ ಉರಿಯಿತು. “ಮೊದ್ಲು ಮೂಗು ಒರೆಸ್ಕೋ,” ಎಂದಷ್ಟೇ ಹೇಳಿದ.

ಮಧ್ಯಾಹ್ನ ಜೀಪು ಹೊರಟಿತು. ಜೆರಾಕ್ಸಪ್ಪ ಇಬ್ಬರ ನಡುವೆ ಕಾಲು ಅಗಲಿಸಿ ಕುಳಿತ. ಗುಂಡಿ ಬಂದಾಗಲೆಲ್ಲ ತರಬೇತುದಾರನ ತಲೆ ಆತನ ಭುಜಕ್ಕೇ ಬಡಿಯುತ್ತಿತ್ತು. ಇಷ್ಟು ಸೊಗಸಾದ ಹಾಳು ರಸ್ತೆಯನ್ನು ಆತ ಬದುಕಿನಲ್ಲೇ ಕಂಡಿರಲಿಲ್ಲ. ಹೆಂಡತಿ ಮಾತ್ರ ಕಿಟಕಿಯ ಕಡೆ ಮುಖ ಮಾಡಿ, “ಮನೆಗೆ ಬನ್ನಿ, ಇದೆ ನಿಮ್ಗೆ,” ಎಂದು ಗೊಣಗಿದಳು.

ಹಳ್ಳಿಯ ಅಂಚಿನ ಹೆಂಚಿನ ಮನೆಯೊಂದರ ಮುಂದೆ ಜೀಪು ನಿಂತಿತು. ಹೊಲಿಗೆ ಯಂತ್ರ ಇಟ್ಟುಕೊಂಡ ಹೆಂಗಸೊಬ್ಬಳ ಮನೆ. ಬಾಗಿಲಲ್ಲೇ ಅವಳ ಗಂಡ, ಗರಡಿಯಾಳಿನಂಥವನು, ಮೀಸೆ ತಿರುವುತ್ತ ಅಡ್ಡ ನಿಂತಿದ್ದ. “ಏನ್ ಕೇಳೋದಿದ್ರೂ ನನ್ನ ಕೇಳಿ!” ಎಂದು ಗುಡುಗಿದ.

ತರಬೇತುದಾರ ಜೆರಾಕ್ಸಪ್ಪನ ಕಿವಿಯ ಬಳಿ ಬಗ್ಗಿದ. “ಸರ್, ಇನ್ನು ನಿಮ್ಮ ಕೆಲಸ. ಗಂಡಂದಿರು ಪಕ್ಕದಲ್ಲಿದ್ರೆ ಹೆಂಗಸರು ಬಾಯಿ ಬಿಡಲ್ಲ. ನೀವು ಇವರನ್ನ ಹೊರಗೆ ಕೂರಿಸಿಕೊಂಡು ಮಾತಾಡಿಸ್ತಿರಿ. ನಾವು ಮುಗಿಸೋವರೆಗೂ ಒಳಗೆ ಬಿಡಬೇಡಿ.”

“ನಾವು ಅಂದ್ರೆ?”

“ಮೇಡಂಗೆ ಕೆಲಸ ಕೈಗೆ ಹತ್ತೋವರೆಗೂ ನಾನು ಪಕ್ಕದಲ್ಲೇ ಕೂತು ಹೇಳ್ಕೊಡಬೇಕಲ್ಲ ಸರ್. ಈ ಗಂಡಂದಿರ ಮನಸ್ಸು ನಿಮ್ಮಷ್ಟು ಬಲ್ಲವರು ಸಿಗಲ್ಲ ಅಂತ ದೊಡ್ಡ ಮೇಡಂ ಖುಷಿಯಾಗಿದಾರೆ.”

ಜೆರಾಕ್ಸಪ್ಪ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಮನೆಯೊಡತಿಯ ಹೆಗಲ ಮೇಲೆ ಕೈಹಾಕಿ ಒಳಗೆ ನಡೆದಿದ್ದಳು. ಅವಳ ಹಿಂದೆ ತರಬೇತುದಾರ ನುಸುಳಿದ. ಬಾಗಿಲು ಮುಚ್ಚಿತು.

ಹೊರಗಿನ ಕಲ್ಲುಬೆಂಚಿನ ಮೇಲೆ ಇಬ್ಬರು ಗಂಡಸರು ಉಳಿದರು.

“ಆ ಗುಂಗುರು ಕೂದಲಿನವನು ಯಾರು ಸ್ವಾಮಿ?” ಮನೆಯ ಯಜಮಾನ ಹಲ್ಲು ಕಡಿದ. “ನಾನು ಹೊರಗೆ, ಅವನು ಒಳಗೆ! ಇದ್ಯಾವ ನ್ಯಾಯ?”

ಜೆರಾಕ್ಸಪ್ಪನ ಎದೆಯೊಳಗೂ ಅದೇ ಪ್ರಶ್ನೆ ಅದೇ ದನಿಯಲ್ಲಿ ಎದ್ದಿತ್ತು. ಆದರೆ ಸಹಿ ಮಾಡಿಯಾಗಿತ್ತು. “ಅನುಮಾನ ಪಡಬಾರದು ಅಣ್ಣ,” ಎಂದ, ಕಹಿ ಔಷಧ ನುಂಗಿದವನಂತೆ. “ಕೆಲಸದ ಮಾತು ಆಡ್ತಿರ್ತಾರೆ ಅಷ್ಟೇ.”

ಒಳಗಿನಿಂದ ನಗು ಕೇಳಿತು. ಯಜಮಾನ ಚಂಗನೆ ಎದ್ದ. ಜೆರಾಕ್ಸಪ್ಪ ಆತನ ಸೊಂಟಕ್ಕೇ ಜೋತುಬಿದ್ದು ಎಳೆದು ಕೂರಿಸಿದ.

“ಬಿಡ್ರೀ! ನಗ್ತಿರೋಳು ನನ್ನ ಹೆಂಡ್ತಿ!”

“ನಿಮ್ಮ ಹೆಂಡ್ತಿ ಅಲ್ಲ ಅದು,” ಎಂದ ಜೆರಾಕ್ಸಪ್ಪ ಕ್ಷೀಣವಾಗಿ. ಆ ನಗು ಯಾರದೆಂದು ಆತನಿಗೆ ಚೆನ್ನಾಗಿ ಗೊತ್ತಿತ್ತು.

ಆಗ ಬಾಗಿಲು ಒಂದಿಷ್ಟು ತೆರೆದು ಜೆರಾಕ್ಸಪ್ಪನ ಹೆಂಡತಿಯ ಮುಖ ಹೊರಬಂತು. ಮದುವೆಯ ದಿನವೂ ಆ ಮುಖದಲ್ಲಿ ಅಷ್ಟು ಕಳೆಯಿರಲಿಲ್ಲ. “ರೀ, ಮನೆ ಬೀಗದ ಕೈ ನಿಮ್ಮತ್ರಾನೇ ಇದ್ಯಲ್ಲ? ನಮ್ದು ಇನ್ನೂ ತುಂಬಾ ಹೊತ್ತಾಗುತ್ತೆ. ಅವರನ್ನ ಹಾಗೇ ಹಿಡ್ಕೊಂಡಿರಿ.” ಬಾಗಿಲು ಮತ್ತೆ ಮುಚ್ಚಿತು, ಈ ಸಲ ಚಿಲಕದ ಸದ್ದೂ ಕೇಳಿಸಿತು.

ಯಜಮಾನ ಬಾಗಿಲನ್ನು ನೋಡಿದ. ಜೆರಾಕ್ಸಪ್ಪನನ್ನು ನೋಡಿದ. “ಅವರು ನಿಮ್ಮ ಮನೆಯವರಾ?”

ಜೆರಾಕ್ಸಪ್ಪ ತಲೆ ತಗ್ಗಿಸಿದ.

“ಒಳಗೆ ಅವನ ಪಕ್ಕದಲ್ಲಿ ಕೂತಿರೋರು?”

“ಹೂಂ.”

“ದಿನಾ ಹೀಗೇನಾ?”

“ಇವತ್ತಿಂದ.”

ಯಜಮಾನನ ಮುಖದ ಮೇಲಿನ ಬಿಗುವು ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗಿತು. ಮೀಸೆ ತನ್ನಷ್ಟಕ್ಕೆ ಕೆಳಗಿಳಿಯಿತು. ಆತ ಬೆಂಚಿನ ಮೇಲೆ ನಿರಾಳವಾಗಿ ಹಿಂದಕ್ಕೊರಗಿ, ಕಾಲು ಚಾಚಿ, ಊರಿನಲ್ಲಿ ತನಗಿಂತ ಸುಖಿ ಇನ್ನೊಬ್ಬನಿಲ್ಲ ಎಂಬಂತೆ ಆಕಳಿಸಿದ.

ಒಳಗೆ ಮತ್ತೊಮ್ಮೆ ನಗೆಯ ಅಲೆಯೆದ್ದಿತು. ಜೆರಾಕ್ಸಪ್ಪ ಎದ್ದೇಬಿಟ್ಟ. ಬಾಗಿಲಿನತ್ತ ಒಂದು ಹೆಜ್ಜೆ ಇಡುವಷ್ಟರಲ್ಲಿ ಕಬ್ಬಿಣದಂಥ ಕೈಯೊಂದು ಆತನ ರಟ್ಟೆ ಹಿಡಿದು ಹಿಂದಕ್ಕೆಳೆದು ಬೆಂಚಿನ ಮೇಲೆ ಕುಕ್ಕಿತು.

“ಕೂತ್ಕೊಳ್ಳಿ ಸ್ವಾಮಿ,” ಎಂದ ಯಜಮಾನ, ಕರುಣೆಯಿಂದ. “ಅನುಮಾನ ಪಡಬಾರದು.”